ತಾಮ್ರಪಟ್ಟಿಯ ಸಾಕ್ಷ್ಯಕ್ಕಿರುವ ಮಿತಿ: ಇಂಧನದ ಸಂಕ್ಷಾರಕ ಗಂಧಕದ ಬಗ್ಗೆ ಒಂದು ಟಿಪ್ಪಣಿ

1. ಒಟ್ಟು ಮತ್ತು ಸಕ್ರಿಯ

ಇಂಧನದಲ್ಲಿರುವ ಒಟ್ಟು ಗಂಧಕ ಬೇರೆ, ಲೋಹವನ್ನು ತಿನ್ನುವ ಗಂಧಕ ಬೇರೆ. ಭಾರತದ ಪೆಟ್ರೋಲಿನಲ್ಲಿ ಒಟ್ಟು ಗಂಧಕದ ಮಿತಿ ಬಿಎಸ್-4ರಲ್ಲಿ ಕಿಲೋಗ್ರಾಂಗೆ 50 ಮಿಲಿಗ್ರಾಂ ಇತ್ತು. ಬಿಎಸ್-6ರಲ್ಲಿ (ದೇಶವ್ಯಾಪಿ ಜಾರಿ: 1 ಏಪ್ರಿಲ್ 2020) ಅದು 10 ಮಿಲಿಗ್ರಾಂ. ಥಯೊಫೀನ್ ವರ್ಗದ ಸಂಯುಕ್ತಗಳು ಈ ಲೆಕ್ಕಕ್ಕೆ ಸೇರಿದರೂ ಪರೀಕ್ಷೆಯ ಉಷ್ಣತೆಯಲ್ಲಿ ತಾಮ್ರವನ್ನು ಬಹುಮಟ್ಟಿಗೆ ಮುಟ್ಟುವುದಿಲ್ಲ. ಧಾತುರೂಪದ ಗಂಧಕ ಮತ್ತು ಹೈಡ್ರೊಜನ್ ಸಲ್ಫೈಡ್ ಅತ್ಯಲ್ಪವಿದ್ದರೂ ಸಕ್ರಿಯ.

2. ತಾಮ್ರಪಟ್ಟಿ

ಎಎಸ್‌ಟಿಎಂ ಡಿ130 ವಿಧಾನದ ಮೊದಲ ಅಂಗೀಕಾರ 1922ರದು. ಭಾರತೀಯ ಮಾನಕ ಐಎಸ್ 1448ರಲ್ಲಿ ಇದು ಭಾಗ 15. ಹೊಳಪು ಕೊಟ್ಟ ಪಟ್ಟಿಯನ್ನು 30 ಮಿಲಿಲೀಟರ್ ಮಾದರಿಯಲ್ಲಿ ಮುಳುಗಿಸಿಡುತ್ತಾರೆ: ಪೆಟ್ರೋಲಿಗೆ 50 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ಗಂಟೆ, ವಿಮಾನ ಇಂಧನಕ್ಕೆ 100 ಡಿಗ್ರಿಯಲ್ಲಿ 2 ಗಂಟೆ. ಬಳಿಕ ಬಣ್ಣವನ್ನು ಮಾದರಿ ಫಲಕದೊಂದಿಗೆ ಹೋಲಿಸಿ 1ಎಯಿಂದ 4ಸಿವರೆಗಿನ ಒಂದು ವರ್ಗ ಕೊಡುತ್ತಾರೆ.

ತೊಡಕಿರುವುದು ಈ ಹೋಲಿಕೆಯಲ್ಲಿ. 1ಬಿಗಿಂತ ಗಾಢವಾದ ಕಿತ್ತಳೆಯೂ ವರ್ಗ 1ರಲ್ಲೇ ನಿಲ್ಲುತ್ತದೆ. ಕೆಂಪಿನ ಸುಳಿವು ಕಂಡರೆ ಮಾತ್ರ ವರ್ಗ 2. ಎರಡು ವರ್ಗಗಳ ನಡುವೆ ಇದೆಯೆನಿಸಿದ ಪಟ್ಟಿಗೆ ಹೆಚ್ಚು ಕೆಟ್ಟ ವರ್ಗ. 2ಎಯ ದ್ರಾಕ್ಷಾರಸದಂಥ ಕೆಂಪನ್ನು 3ಎ ಎಂದು ಭ್ರಮಿಸುವ ಸಾಧ್ಯತೆಯಿದೆ. ಅಂಥ ಪಟ್ಟಿಯನ್ನು ತೊಳೆದ್ರಾವಕದಲ್ಲಿ ಅದ್ದಿದರೆ 2ಎ ಗಾಢ ಕಿತ್ತಳೆಯಾಗಿ ಕಾಣುತ್ತದೆ, 3ಎ ಬದಲಾಗುವುದಿಲ್ಲ. ಬಹುವರ್ಣದ 2 ಮತ್ತು 3ಬಿಗಳನ್ನು ಬೇರ್ಪಡಿಸಲು ಪಟ್ಟಿಯನ್ನು ಸುಮಾರು 340 ಡಿಗ್ರಿಗೆ ಕಾಯಿಸಿ ನೋಡಬೇಕಾಗುತ್ತದೆ. ಹೀಗಾಗಿ ‘ವರ್ಗ 1’ ಎಂಬ ವರದಿ ಒಂದು ಅಳತೆಯಲ್ಲ, ಕಣ್ಣಿನ ತೀರ್ಪು; ಉಪವರ್ಗದ ಅಕ್ಷರವನ್ನು ಬಿಟ್ಟು ದಾಖಲಿಸುವ ರೂಢಿ ಈ ಟಿಪ್ಪಣಿಕಾರನಿಗೆ ಒಪ್ಪಿಗೆಯಿಲ್ಲ.

3. ಡಾಕ್ಟರ್ ಪರೀಕ್ಷೆ

ಸೋಡಿಯಂ ಪ್ಲಂಬೈಟ್ ದ್ರಾವಣದೊಂದಿಗೆ ಕುಲುಕಿದಾಗಲೇ ಕಪ್ಪು ಗಷ್ಟು ಬಂದರೆ ಹೈಡ್ರೊಜನ್ ಸಲ್ಫೈಡ್. ಗಂಧಕದ ಪುಡಿ ಹಾಕಿದ ಮೇಲೆ ಬಣ್ಣ ತಿರುಗಿದರೆ ಮರ್ಕ್ಯಾಪ್ಟನ್. 1958ರಿಂದ ಬಳಕೆಯಲ್ಲಿರುವ ಮೆರಾಕ್ಸ್ ಪ್ರಕ್ರಿಯೆಯ ‘ಸಿಹಿಗೊಳಿಸುವಿಕೆ’ ಮರ್ಕ್ಯಾಪ್ಟನ್ನನ್ನು ಡೈಸಲ್ಫೈಡ್ ಆಗಿಸುತ್ತದೆ. ಆಗ ಡಾಕ್ಟರ್ ಫಲಿತಾಂಶ ಋಣವಾದರೂ ಒಟ್ಟು ಗಂಧಕ ಇದ್ದಷ್ಟೇ ಇರುತ್ತದೆ.

4. ಬೆಳ್ಳಿ

ಮೇ 2004ರಲ್ಲಿ ಅಮೆರಿಕದ ಫ್ಲಾರಿಡಾ, ಲೂಸಿಯಾನಾ ಮೊದಲಾದ ಕಡೆ ಹಲವು ವಾಹನಗಳ ಇಂಧನಮಾಪಕಗಳು ತಪ್ಪು ತೋರಿಸಿದವು. ಟ್ಯಾಂಕಿನೊಳಗಿನ ಬೆಳ್ಳಿಮಿಶ್ರಿತ ಸಂಪರ್ಕಬಿಂದುಗಳ ಮೇಲೆ ಸಲ್ಫೈಡ್ ಪದರ ಕಟ್ಟಿತ್ತು. ಆಗಿನ ಪೆಟ್ರೋಲ್ ನಿರ್ದಿಷ್ಟತೆ ಡಿ4814ರಲ್ಲಿ ತಾಮ್ರಪಟ್ಟಿ ಪರೀಕ್ಷೆಯಿತ್ತು, ಬೆಳ್ಳಿಯದಿರಲಿಲ್ಲ. ಅದು ಸೇರಿದ್ದು ಆಮೇಲೆ. ಧಾತುರೂಪದ ಗಂಧಕಕ್ಕೆ ಬೆಳ್ಳಿ ತಾಮ್ರಕ್ಕಿಂತ ಬೇಗ ಸ್ಪಂದಿಸುತ್ತದೆ ಎಂಬುದಕ್ಕೆ ಈ ಪ್ರಸಂಗ ಹೊಂದುತ್ತದೆ. ಆದರೆ ಎರಡು ಲೋಹಗಳ ಶ್ರೇಣಿಗಳನ್ನು ಅಂಕಿಗೆ ಅಂಕಿಯಾಗಿ ಹೋಲಿಸಲು ಇದು ಸಾಲದು.

5. ಮಾದರಿ

ಹೈಡ್ರೊಜನ್ ಸಲ್ಫೈಡ್ ಶೀಶೆಯ ಖಾಲಿ ಜಾಗಕ್ಕೆ ಹಾರಬಲ್ಲದು, ಗಾಳಿ ತಗಲಿದರೆ ಧಾತುರೂಪದ ಗಂಧಕವೂ ಆಗಬಲ್ಲದು. ಆದ್ದರಿಂದ ಶೀಶೆಯನ್ನು ಆದಷ್ಟೂ ತುಂಬಿ, ಬಿಸಿಲಿಗೆ ಒಡ್ಡದೆ, ತೆರೆದ ಕೂಡಲೇ ಪರೀಕ್ಷಿಸಬೇಕು. ತವರಲೇಪಿತ ಡಬ್ಬಿ ಬಳಸಬಾರದು: ಅದರಿಂದಲೇ ಮಾದರಿಯ ಸಂಕ್ಷಾರಕತೆ ಹೆಚ್ಚಬಹುದು. ಒಂದೇ ಇಂಧನಕ್ಕೆ ಎರಡು ಪ್ರಯೋಗಾಲಯಗಳು ಬೇರೆ ಬೇರೆ ವರ್ಗ ಕೊಟ್ಟಾಗ ಪಟ್ಟಿಗಿಂತ ಮೊದಲು ಪಾತ್ರೆಯನ್ನು ವಿಚಾರಿಸುವುದು ಲೇಸು.