ವಯನಾಡಿನಲ್ಲಿ ಸೈಕಲ್ ಪ್ರವಾಸ: ಯಾವ ದಾರಿ, ಯಾವ ಹೊತ್ತು

ವಯನಾಡು ಜಿಲ್ಲೆಯ ರಸ್ತೆಗಳಲ್ಲಿ ಗೇರ್ ಸೈಕಲ್ ಪ್ರವಾಸಿಗರು ಈಗ ಹೊಸಬರೇನಲ್ಲ. ಬೆಂಗಳೂರಿನ ಸೈಕಲ್ ಪ್ರಿಯರು 2008ರಲ್ಲಿ ಆರಂಭಿಸಿದ ‘ಟೂರ್ ಆಫ್ ನೀಲ್ಗಿರೀಸ್’ ಯಾತ್ರೆ ಸುಲ್ತಾನ್ ಬತ್ತೇರಿಯನ್ನು ಹಾದು ಹೋದದ್ದುಂಟು. ಮಾನಂದವಾಡಿ ಬಳಿಯ ಪ್ರಿಯದರ್ಶಿನಿ ಚಹಾ ತೋಟದಲ್ಲಿ ‘ಎಂಟಿಬಿ ಕೇರಳ’ ಗುಡ್ಡಗಾಡು ಸೈಕಲ್ ಸ್ಪರ್ಧೆಯೂ ನಡೆದಿದೆ. ಆದರೆ ಇಂಥ ಕಾರ್ಯಕ್ರಮಗಳಿಗೆ ಬರುವವರ ಹಿಂದೆ ಮುಂದೆ ವಾಹನಗಳಿರುತ್ತವೆ. ಕುಟ್ಟ, ಎಚ್.ಡಿ. ಕೋಟೆ, ಗುಂಡ್ಲುಪೇಟೆ ಕಡೆಯಿಂದ ಒಬ್ಬರೋ ಇಬ್ಬರೋ ಹೊರಟು ಬರುವವರಿಗೆ ಆ ಅನುಕೂಲವಿಲ್ಲ. ಅವರು ಮೊದಲೇ ತಿಳಿದಿರಬೇಕಾದ ಸಂಗತಿಗಳು ಎರಡು: ಏರು ಎಲ್ಲಿದೆ, ಕಾಡನ್ನು ಯಾವ ಹೊತ್ತಿನಲ್ಲಿ ದಾಟಬೇಕು.

ಏರಿಳಿತದ ಲೆಕ್ಕ

ಹಳೆಯ ಕನ್ನಡ ಶಾಸನಗಳಲ್ಲಿ ಈ ನಾಡಿನ ಹೆಸರು ಬಯಲ್ನಾಡು. ಹೆಸರು ಕೇಳಿ ಸಮತಟ್ಟಾದ ಬಯಲು ಎಂದುಕೊಂಡು ಬಂದ ಸೈಕಲ್ ಸವಾರ ಮೊದಲ ದಿನವೇ ಸುಸ್ತಾಗುತ್ತಾನೆ. ಸಮುದ್ರ ಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಪ್ರಸ್ಥಭೂಮಿ ಇದು. ಚೆಂಬ್ರಾ ಬೆಟ್ಟದ ತುದಿ 2,100 ಮೀಟರ್ ಮುಟ್ಟುತ್ತದೆ. ಆದರೆ ಕಾಲಿಗೆ ಕೆಲಸ ಕೊಡುವುದು ದೊಡ್ಡ ಬೆಟ್ಟಗಳಲ್ಲ, ಸಣ್ಣ ಸಣ್ಣ ಗುಡ್ಡಗಳು. ತಗ್ಗಿನಲ್ಲಿ ವಯಲ್, ಅಂದರೆ ಗದ್ದೆ (ಈಗ ಎಷ್ಟೋ ಕಡೆ ಬಾಳೆ, ಅಡಿಕೆ). ಅದರ ಪಕ್ಕದ ಇಳಿಜಾರಿನಲ್ಲಿ ಕಾಫಿ, ಮೆಣಸು. ಗುಡ್ಡ ಇಳಿದರೆ ಗದ್ದೆ, ಗದ್ದೆ ದಾಟಿದರೆ ಮತ್ತೆ ಗುಡ್ಡ. ದಿನವಿಡೀ ಹೀಗೇ ಹೋದರೆ ಏರಿದ ಒಟ್ಟು ಎತ್ತರ ಘಾಟಿ ಹತ್ತಿದ್ದಕ್ಕಿಂತ ಕಡಿಮೆಯೇನೂ ಆಗುವುದಿಲ್ಲ. ಆದ್ದರಿಂದ ಬಯಲುಸೀಮೆಯಲ್ಲಿ ದಿನಕ್ಕೆ 100 ಕಿ.ಮೀ. ತುಳಿಯುವವರು ಇಲ್ಲಿ 60 ಎಂದು ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಘಾಟಿಗಳು

ಕೇರಳದ ಕರಾವಳಿ ಕಡೆಯಿಂದ ವಯನಾಡಿಗೆ ಹತ್ತಿ ಬರಲು ಮುಖ್ಯವಾಗಿ ನಾಲ್ಕು ಚುರಂ ರಸ್ತೆಗಳಿವೆ. ಎಲ್ಲರಿಗೂ ಗೊತ್ತಿರುವುದು ತಾಮರಶ್ಶೇರಿ ಚುರಂ. ಅಡಿವಾರದಿಂದ ಲಕ್ಕಿಡಿಯವರೆಗೆ ಸುಮಾರು 12 ಕಿ.ಮೀ., ಒಂಬತ್ತು ಹೇರ್‌ಪಿನ್ ತಿರುವುಗಳು. ಮೇಲೆ ಬಂದ ಮೇಲೆ ಸಿಗುವ ಸರಪಳಿ ಮರಕ್ಕೆ ಈ ದಾರಿಯನ್ನು ತೋರಿಸಿಕೊಟ್ಟನೆನ್ನಲಾದ ಆದಿವಾಸಿ ಕರಿಂದಂಡನ್ ಕಥೆ ಅಂಟಿಕೊಂಡಿದೆ.

ಏರಿನ ಪ್ರಮಾಣ ನೋಡಿದರೆ ಈ ಘಾಟಿ ಅಂಥ ಕಠಿಣವೇನಲ್ಲ. ಕಷ್ಟ ಲಾರಿ, ಬಸ್ಸುಗಳದ್ದು. ಇದು ಕೋಳಿಕ್ಕೋಡ್–ಕೊಳ್ಳೇಗಾಲ ರಾಷ್ಟ್ರೀಯ ಹೆದ್ದಾರಿ 766. ಶನಿವಾರ, ಭಾನುವಾರ ಮತ್ತು ಹಬ್ಬದ ರಜೆಗಳಲ್ಲಿ ತಿರುವುಗಳ ಬಳಿ ವಾಹನಗಳು ಸಾಲುಗಟ್ಟಿ ನಿಲ್ಲುತ್ತವೆ. ಸೈಕಲ್ ನುಸುಳಿ ಹೋಗಬಹುದು, ಆದರೆ ಹೊಗೆ ಕುಡಿಯುತ್ತಾ ಹತ್ತುವುದರಲ್ಲಿ ಸುಖವಿಲ್ಲ. 2025ರ ಆಗಸ್ಟ್‌ನಲ್ಲಿ 9ನೇ ತಿರುವಿನ ಬಳಿ ಗುಡ್ಡ ಕುಸಿದು ಸಂಚಾರವೇ ನಿಂತಿತ್ತು. ಹೆಸರು ದೊಡ್ಡದಾದರೂ ಸೈಕಲ್ಲಿಗೆ ಇದು ಜಿಲ್ಲೆಯ ಒಳ್ಳೆಯ ದಾರಿಯಲ್ಲ.

ಕುಟ್ಯಾಡಿ ಚುರಂ ಮತ್ತು ನೆಡುಂಪೊಯಿಲ್‌ನಿಂದ ಬರುವ ಪೆರಿಯ ಚುರಂನಲ್ಲಿ ವಾಹನ ಕಡಿಮೆ, ಮರದ ನೆರಳು ಹೆಚ್ಚು. ಪೆರಿಯ ರಸ್ತೆ 2024ರ ಮಳೆಯಲ್ಲಿ ಬಿರುಕು ಬಿಟ್ಟು ಮುಚ್ಚಲ್ಪಟ್ಟಿತ್ತು. ಮಳೆಗಾಲದ ನಂತರ ಹೊರಡುವವರು ಮೊದಲು ವಿಚಾರಿಸಬೇಕು. ಕೊಟ್ಟಿಯೂರಿನಿಂದ ಬಾಯ್ಸ್ ಟೌನ್‌ಗೆ ಬರುವ ಪಾಲ್‌ಚುರಂ ಕಿರಿದು, ಕಡಿದು. ಅಲ್ಲಿ ಸೈಕಲ್ ತಳ್ಳಿಕೊಂಡು ಹತ್ತಿದರೆ ನಾಚಿಕೆಪಡಬೇಕಾಗಿಲ್ಲ.

ಘಾಟಿ ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಹಿಡಿದರೆ ರಿಮ್ ಕಾದು ಟ್ಯೂಬ್ ಸಿಡಿಯುವುದುಂಟು. ಹಿಂದಿನದು, ಮುಂದಿನದು ಸರದಿಯಂತೆ ಬಿಟ್ಟು ಬಿಟ್ಟು ಹಿಡಿಯಬೇಕು. ಇಂಗ್ಲೆಂಡಿನಲ್ಲಿ 1878ರಲ್ಲೇ ಸೈಕಲ್ ಪ್ರವಾಸಿಗರ ಸಂಘ ಹುಟ್ಟಿತ್ತು. ಬ್ರೇಕ್ ಇನ್ನೂ ಸರಿಯಿಲ್ಲದ ಆ ಕಾಲದಲ್ಲಿ ಅಪಾಯದ ಇಳಿಜಾರುಗಳ ತಲೆಯಲ್ಲಿ ಎಚ್ಚರಿಕೆ ಫಲಕ ನೆಡುವುದು ಆ ಸಂಘದ ಮೊದಮೊದಲ ಕೆಲಸಗಳಲ್ಲೊಂದಾಗಿತ್ತು. ಅಲ್ಲಿನ ಕಾಡುಗುಡ್ಡಗಳ ನಡುವೆ ಇಂದು ಸೈಕಲ್ಲಿಗೆಂದೇ ಸಂಖ್ಯೆ ಹಾಕಿ ಗುರುತಿಸಿದ ದಾರಿಗಳಿವೆ. ವಯನಾಡಿನಲ್ಲಿ ದಾರಿ ಹೇಳಬೇಕಾದವರು ಚಹಾ ಅಂಗಡಿಯವರೇ.

ಒಳದಾರಿ: ಬತ್ತೇರಿಯಿಂದ ಮಾನಂದವಾಡಿ

ಸೈಕಲ್ಲಿಗೆ ಹೇಳಿ ಮಾಡಿಸಿದಂಥ ದಾರಿ ಎಂದರೆ ಸುಲ್ತಾನ್ ಬತ್ತೇರಿ ಪಕ್ಕದ ಬೀನಾಚಿಯಿಂದ ಕೇಣಿಚ್ಚಿರ, ನಡವಯಲ್ ಮೂಲಕ ಪನಮರಂಗೆ ಹೋಗುವ ರಸ್ತೆ. ಉದ್ದ ಸುಮಾರು 22 ಕಿ.ಮೀ. ಕಾಫಿ ತೋಟ, ಗದ್ದೆ, ಸಣ್ಣ ಪೇಟೆಗಳು. ಐದಾರು ಕಿ.ಮೀ.ಗೊಮ್ಮೆ ಚಹಾ ಸಿಗುತ್ತದೆ.

ಕನ್ನಡ ಬಲ್ಲವರಿಗೆ ಈ ದಾರಿಯಲ್ಲಿ ಬೇರೆಯೇ ಒಂದು ಸ್ವಾರಸ್ಯವಿದೆ. ಹೊರಡುವ ಬತ್ತೇರಿಯ ಹಳೆಯ ಹೆಸರುಗಳಲ್ಲಿ ಒಂದು ‘ಹನ್ನೆರಡು ಬೀದಿ’. ಅಲ್ಲಿನ ಕಲ್ಲಿನ ಜೈನ ಬಸದಿಯನ್ನು ಟಿಪ್ಪುವಿನ ಸೈನ್ಯ ಮದ್ದುಗುಂಡು ಇಡಲು ಬಳಸಿದ್ದರಿಂದ ‘ಸುಲ್ತಾನನ ಬ್ಯಾಟರಿ’ ಎಂಬ ಹೆಸರು ಬಂತು. ನಡವಯಲ್ ಮತ್ತು ಪನಮರಂ ನಡುವೆ ಪುತ್ತನಂಗಾಡಿ ಬಳಿ ಜನಾರ್ದನ ಗುಡಿ, ವಿಷ್ಣು ಗುಡಿ ಎಂಬ ಎರಡು ಹಳೆಯ ಕಲ್ಲಿನ ದೇಗುಲಗಳಿವೆ. ಮಲಯಾಳಂ ನಾಡಿನ ನಡುವೆ ‘ಗುಡಿ’ ಎಂಬ ಮಾತು ಹಾಗೇ ಉಳಿದುಕೊಂಡಿದೆ. ಕೆತ್ತನೆಯ ಕಂಬಗಳನ್ನು ನೋಡಲು ಸೈಕಲ್ ನಿಲ್ಲಿಸಿ ಅರ್ಧ ಗಂಟೆ ಕೊಡಬೇಕು.

ಪನಮರಂನಿಂದ ಮಾನಂದವಾಡಿಗೆ ಮುಖ್ಯ ರಸ್ತೆಯಲ್ಲೇ ಹೋಗಬಹುದು. ಬಿಡುವಿದ್ದವರು ಪಯ್ಯಂಪಳ್ಳಿ ಕಡೆ ತಿರುಗಿ ಕೂಡಲ್‌ಕಡವು ನೋಡಬಹುದು. ಪನಮರಂ ಹೊಳೆಯೂ ಮಾನಂದವಾಡಿ ಹೊಳೆಯೂ ಕೂಡಿ ಕಬಿನಿಯಾಗುವ ಜಾಗ ಅದು. ಎಚ್.ಡಿ. ಕೋಟೆಯ ಜಲಾಶಯ ತುಂಬುವ ನೀರು ಹೊರಡುವುದು ಇಲ್ಲಿಂದ. ಮಾನಂದವಾಡಿಯಲ್ಲಿ ಪಳಶ್ಶಿ ರಾಜನ ಸಮಾಧಿ ಇದೆ. ಆತ 1805ರ ನವೆಂಬರ್ 30ರಂದು ಮಡಿದದ್ದು ಪುಲ್ಪಳ್ಳಿ ಬಳಿಯ ಮಾವಿಲಾಂತೋಡಿನಲ್ಲಿ.

ಬತ್ತೇರಿಯಿಂದ ಅಂಬಲವಯಲ್ ಕಡೆಗೆ ಅರ್ಧ ದಿನದ ಸುತ್ತು ಸಾಧ್ಯ. ಎಡಕ್ಕಲ್ ಗುಹೆಯ ಕೆಳಗಿನ ಕೊನೆಯ ಏರು ಮಾತ್ರ ತೀರಾ ಕಡಿದು.

ಗಡಿ ದಾಟುವ ದಾರಿಗಳು

ಕರ್ನಾಟಕದಿಂದ ಬರುವವರಿಗೆ ಮೂರು ರಸ್ತೆಗಳು. ಮೂರಕ್ಕೂ ಕಾಡೇ ಬಾಗಿಲು.

ಗುಂಡ್ಲುಪೇಟೆ–ಬತ್ತೇರಿ ರಸ್ತೆ ಮದ್ದೂರಿನಿಂದ ಮೂಲೆಹೊಳೆವರೆಗೆ ಬಂಡೀಪುರದ ಒಳಗೆ, ಆಮೇಲೆ ಮುತ್ತಂಗ ಕಾಡಿನಲ್ಲಿ ಸಾಗುತ್ತದೆ. 2009ರಿಂದ ಬಂಡೀಪುರ ಭಾಗದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಮೈಸೂರು–ಎಚ್.ಡಿ. ಕೋಟೆ–ಬಾವಲಿ ರಸ್ತೆ ನಾಗರಹೊಳೆ ಕಾಡಿನೊಳಗೆ ಸಂಜೆ 6ಕ್ಕೇ ಮುಚ್ಚಿ ಬೆಳಿಗ್ಗೆ 6ಕ್ಕೆ ತೆರೆಯುತ್ತದೆ. ಗೇಟ್ ತೆರೆದಿದ್ದ ಮಾತ್ರಕ್ಕೆ ಸೈಕಲ್ಲಿಗೆ ದಾರಿ ಸುರಕ್ಷಿತ ಎಂದಲ್ಲ. ಈ ಎರಡು ಕಾಡುಗಳನ್ನು ಪಿಕಪ್ ವಾಹನದಲ್ಲಿ ಸೈಕಲ್ ಹಾಕಿಕೊಂಡು ದಾಟುವುದೇ ಸರಿ. ಚೆಕ್‌ಪೋಸ್ಟ್‌ನಲ್ಲಿ ಅರಣ್ಯ ಸಿಬ್ಬಂದಿ ತಡೆದರೆ ವಾದ ಮಾಡಬಾರದು.

ಮೂರನೆಯದು ಗೋಣಿಕೊಪ್ಪ–ಕುಟ್ಟ–ತೋಲ್ಪೆಟ್ಟಿ–ಕಾಟಿಕುಳಂ ದಾರಿ. ಕೊಡಗಿನವರಿಗೆ ಮಾನಂದವಾಡಿ ಪೇಟೆಗೆ ಇದೇ ದಾರಿ. ತೋಲ್ಪೆಟ್ಟಿಯ ನಂತರ ಎರಡೂ ಬದಿ ಕಾಡು, ಬಿದಿರು. ನಡುವೆ ತೆಟ್ಟ್ ರೋಡ್‌ನಲ್ಲಿ ತಿರುಗಿದರೆ ಬ್ರಹ್ಮಗಿರಿ ಮಡಿಲಿನ ತಿರುನೆಲ್ಲಿ ದೇವಸ್ಥಾನ. ದಾರಿ ಚೆಂದ, ಆದರೆ ಇದು ಆನೆಗಳ ಜಾಗ. ಬೆಳಿಗ್ಗೆ ಒಂಬತ್ತರ ನಂತರ ಹೊರಟು ಸಂಜೆ ನಾಲ್ಕರೊಳಗೆ ಕಾಡಿನಿಂದ ಹೊರಬೀಳುವಂತೆ ಲೆಕ್ಕ ಹಾಕಬೇಕು.

ನಕ್ಷೆಯಲ್ಲಿ ಕಾಣದ ಇನ್ನೊಂದು ದಾರಿಯೂ ಇದೆ: ಕಬಿನಿಯ ಆ ದಡದ ಬೈರಕುಪ್ಪೆಯಿಂದ ಈ ದಡದ ಪೆರಿಕ್ಕಲ್ಲೂರು, ಮರಕ್ಕಡವಿಗೆ ದೋಣಿ. ಎರಡೂ ದಡದವರಿಗೆ ಇದು ನಿತ್ಯದ ದಾರಿ. ಇಲ್ಲಿ ಸೇತುವೆ ಬೇಕೆಂಬ ಬೇಡಿಕೆ ದಶಕಗಳಷ್ಟು ಹಳೆಯದು. ಸೈಕಲ್ ಹಾಕಿಕೊಳ್ಳಬಹುದೇ ಎಂದು ದೋಣಿಯವರನ್ನೇ ಕೇಳಬೇಕು. ಹೊಳೆ ತುಂಬಿದಾಗ ಕೇಳುವುದೂ ಬೇಡ.

ಸದ್ದಿಲ್ಲದ ಸೈಕಲ್, ಎದುರಿಗೆ ಆನೆ

ಜೀಪು, ಬಸ್ಸುಗಳ ಸದ್ದು ಆನೆಗೆ ದೂರದಿಂದಲೇ ಕೇಳುತ್ತದೆ. ಸೈಕಲ್ ಸದ್ದಿಲ್ಲದೆ ತಿರುವು ದಾಟಿ ಹತ್ತಾರು ಅಡಿ ದೂರದಲ್ಲಿ ಪ್ರತ್ಯಕ್ಷವಾಗುತ್ತದೆ. ಗಾಬರಿಯಾದ ಆನೆ ಓಡಿಹೋಗುವ ಬದಲು ಮೇಲೆ ಬೀಳಬಹುದು. ಕಾಡಿನ ಇಳಿಜಾರಿನಲ್ಲಿ ವೇಗ ಕಡಿಮೆ ಮಾಡಬೇಕು. ಹಸಿ ಲದ್ದಿ, ಮುರಿದ ಬಿದಿರು ಕಂಡರೆ ನಿಂತು, ಬರುವ ಬಸ್ಸಿನ ಜೊತೆ ಸಾಗಬೇಕು. ಆನೆ ಕಂಡರೆ ಗಂಟೆ ಬಾರಿಸುವುದು, ಫೋಟೊ ತೆಗೆಯುವುದು ಬೇಡವೇ ಬೇಡ. ಬಂದ ದಾರಿಯಲ್ಲೇ ಹಿಂದಕ್ಕೆ.

ಇದು ಕಾಡಿನೊಳಗಿನ ಮಾತು ಮಾತ್ರವಲ್ಲ. 2024ರ ಫೆಬ್ರುವರಿ 10ರಂದು ಮಾನಂದವಾಡಿ ಬಳಿಯ ಪಡಮಲದಲ್ಲಿ ಒಬ್ಬರನ್ನು ಕೊಂದ ಆನೆಗೆ ರೇಡಿಯೊ ಕಾಲರ್ ಹಾಕಿ ಕಾಡಿಗೆ ಬಿಟ್ಟಿದ್ದು ಕರ್ನಾಟಕದಲ್ಲಿ. 2025ರ ಜನವರಿ 24ರಂದು ಪಂಜಾರಕ್ಕೊಲ್ಲಿಯಲ್ಲಿ ಕಾಫಿ ಕೊಯ್ಲಿಗೆ ಹೋದ ಮಹಿಳೆ ಹುಲಿಗೆ ಬಲಿಯಾದರು. ಸೈಕಲ್ ಸ್ಪರ್ಧೆ ನಡೆದ ಪ್ರಿಯದರ್ಶಿನಿ ತೋಟ ಇರುವುದು ಅದೇ ಊರಿನಲ್ಲಿ. ಮುಂಜಾನೆ ಆ ರಸ್ತೆಗಳಲ್ಲಿ ನಡೆಯದೆ ವಿಧಿಯಿಲ್ಲದವರು ಅಲ್ಲಿನ ಕೂಲಿಕಾರರು, ಹಾಡಿಯವರು. ‘ಇವತ್ತು ಹೋಗಬೇಡಿ’ ಎಂದು ಅವರು ಹೇಳಿದರೆ ಪ್ರವಾಸಿಗರು ಕೇಳಬೇಕು.

ಕಾಲ, ಮತ್ತೆರಡು ಎಚ್ಚರಿಕೆ

ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೈಕಲ್ ಮನೆಯಲ್ಲಿರಲಿ. ಬೇಸಿಗೆಯಲ್ಲಿ ಕರ್ನಾಟಕದ ಒಣಕಾಡುಗಳಿಂದ ಪ್ರಾಣಿಗಳು ನೀರಿಗಾಗಿ ವಯನಾಡಿನ ಕಡೆ ಬರುತ್ತವೆ. ಒಣ ತಿಂಗಳುಗಳಲ್ಲಿ ಮಂಗನ ಕಾಯಿಲೆಯ ಭಯವೂ ಇದೆ. 2015ರಲ್ಲಿ ಜಿಲ್ಲೆಯಲ್ಲಿ ಇದರಿಂದ ಸಾವುಗಳಾಗಿದ್ದವು. ದಣಿವಾಯಿತೆಂದು ಕಾಡಂಚಿನ ಎಲೆರಾಶಿಯ ಮೇಲೆ ಕೂರಬಾರದು. ರಾತ್ರಿ ಸ್ನಾನಕ್ಕೆ ಮುಂಚೆ ಮೈಮೇಲೆ ಉಣ್ಣೆ ಇದೆಯೇ ಎಂದು ನೋಡಿಕೊಳ್ಳಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಮೇಪ್ಪಾಡಿಯ ಚಹಾ ತೋಟದ ರಸ್ತೆಗಳು ಒಂದು ಕಾಲಕ್ಕೆ ಸೈಕಲ್ ಸವಾರರಿಗೆ ಅಚ್ಚುಮೆಚ್ಚು. 2019ರಲ್ಲಿ ಪುತ್ತುಮಲ, 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲ ಊರುಗಳು ಗುಡ್ಡ ಕುಸಿತದಲ್ಲಿ ನಾಶವಾದವು. ಆ ಕಡೆಗೆ ನೋಡಲೆಂದು ಸೈಕಲ್ ತಿರುಗಿಸುವುದು ಬೇಡ. ಮೇಪ್ಪಾಡಿ ಪೇಟೆಯಿಂದ ಕಲ್ಪೆಟ್ಟಕ್ಕೆ ಇಳಿಯುವ ರಸ್ತೆಯಲ್ಲೇ ತೋಟಗಳು ಸಾಕಷ್ಟು ಕಾಣುತ್ತವೆ.

ಗೇರ್ ಸೈಕಲ್ಲಿನ ಬಿಡಿ ಭಾಗಗಳನ್ನು ಸಣ್ಣ ಪೇಟೆಗಳಲ್ಲಿ ನೆಚ್ಚಿಕೊಳ್ಳುವಂತಿಲ್ಲ. ಎರಡು ಟ್ಯೂಬ್, ಪಂಪ್, ಪ್ಯಾಚ್, ಬ್ರೇಕ್ ಕೇಬಲ್ ಜೊತೆಗಿರಲಿ. ಕೆಲವು ಕಾಡುದಾರಿಗಳಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಎಷ್ಟು ಹೊತ್ತಿಗೆ ಎಲ್ಲಿ ತಲುಪುತ್ತೇವೆಂದು ಹೊರಡುವ ಮುನ್ನ ಮನೆಯವರಿಗೆ ಹೇಳಿರಬೇಕು.