ಎಫ್. ಅಂದರೆ ಫರ್ಡಿನಾಂಡ್

ಕಿಟೆಲ್ ಕೋಶ ಎನ್ನುತ್ತೇವೆ, ಕಿಟೆಲ್ ಪ್ರತಿಮೆ ಎನ್ನುತ್ತೇವೆ. 1894ರ ಆ ಕನ್ನಡ-ಇಂಗ್ಲಿಷ್ ನಿಘಂಟಿನ ಮುಖಪುಟದಲ್ಲೂ ಅವರ ಸ್ವಂತ ಹೆಸರಿಗೆ ಸಿಕ್ಕಿದ್ದು ಒಂದೇ ಅಕ್ಷರದಷ್ಟು ಜಾಗ: ಎಫ್. ಅದರೊಳಗೆ ಮುದುಡಿ ಕೂತಿರುವ ಫರ್ಡಿನಾಂಡ್ ಮಾತ್ರ ಬಹಳ ಊರು ಸುತ್ತಿದ ಹೆಸರು.

ಹಳೆಯ ಜರ್ಮಾನಿಕ್ ಹೆಸರುಗಳಲ್ಲಿ ಹೆಚ್ಚಿನವು ಎರಡು ಪದ ಸೇರಿ ಆದಂಥವು. ಇಲ್ಲಿ ಉತ್ತರಪದ 'ನಂಥ್', ಅಂದರೆ ಎದೆಗಾರಿಕೆ. ತಕರಾರಿರುವುದು ಪೂರ್ವಪದದಲ್ಲಿ. ಅದನ್ನು 'ಫರ್ಧ್' ಎಂದು ಹಿಡಿದರೆ ಪಯಣ, 'ಫ್ರಿಥು' ಎಂದು ಹಿಡಿದರೆ ಶಾಂತಿ. ಪಂಡಿತರಲ್ಲಿ ಒಮ್ಮತವಿಲ್ಲ. ನನ್ನ ಒಲವು ಪಯಣದ ಕಡೆಗೆ; ಅದು ಹೆಸರಿನ ಚರಿತ್ರೆ ನೋಡಿ ಹುಟ್ಟಿದ ಒಲವು, ವ್ಯಾಕರಣ ನೋಡಿ ಅಲ್ಲ.

ಬೇರು ಜರ್ಮಾನಿಕ್ ಆದರೂ ಹೆಸರು ಬೆಳೆದದ್ದು ಸ್ಪೇನಿನಲ್ಲಿ. ರೋಮ್ ಕುಸಿದ ಕಾಲಕ್ಕೆ ಅಲ್ಲಿ ನೆಲೆಯೂರಿದ ವಿಸಿಗೋಥರೆಂಬ ಜರ್ಮಾನಿಕ್ ಜನರ ಭಾಷೆ ಅಳಿಯಿತು, ಅವರ ಹೆಸರುಗಳು ಉಳಿದವು. ಫರ್ಡಿನಾಂಡ್ ಅಲ್ಲಿ ಫೆರ್ನಾಂಡೊ ಆಗಿ ಕ್ಯಾಸ್ಟೀಲಿನ ಸಿಂಹಾಸನವನ್ನೇ ಏರಿದ. ಜನರ ಬಾಯಲ್ಲಿ ಫಕಾರ ಹಕಾರವಾಗಿ ಹೆರ್ನಾಂಡೊ ಆಯಿತು. ಆಮೇಲೆ ಆ ಹಕಾರವೂ ಉದುರಿ, ಬರವಣಿಗೆಯಲ್ಲಷ್ಟೇ ಉಳಿಯಿತು. 'ಪಾಲು' ಹೋಗಿ 'ಹಾಲು' ಆದದ್ದನ್ನು, ಎಷ್ಟೋ ಬಾಯಲ್ಲಿ ಅದು 'ಆಲು' ಆಗಿರುವುದನ್ನು ಬಲ್ಲ ನಮಗೆ ಇದೇನೂ ವಿಚಿತ್ರವಲ್ಲ. ಮೆಕ್ಸಿಕೊ ಗೆದ್ದ ಕೊರ್ತೆಸ್‌ನ 'ಹೆರ್ನಾನ್' ಇದೇ ಹೆಸರಿನ ತುಂಡು. ನಾವು ಫರ್ಡಿನಾಂಡ್ ಮೆಗೆಲ್ಲನ್ ಎನ್ನುವ ನಾವಿಕ ತನ್ನ ಪೋರ್ಚುಗೀಸರಿಗೆ ಫೆರ್ನಾವ್.

ಜರ್ಮನ್ ನಾಡುಗಳಲ್ಲಿ ಹೆಸರು ಹಬ್ಬಿದ್ದು ಹ್ಯಾಬ್ಸ್‌ಬರ್ಗ್ ದೊರೆಗಳಿಂದ. 1503ರಲ್ಲಿ ಸ್ಪೇನಿನಲ್ಲಿ ಹುಟ್ಟಿದ ರಾಜಕುಮಾರನೊಬ್ಬ ತಾಯಿಯ ತಂದೆಯ ಹೆಸರು ಹೊತ್ತು ಆಸ್ಟ್ರಿಯಾಕ್ಕೆ ಬಂದ, ಮುಂದೆ ಚಕ್ರವರ್ತಿಯಾದ. ಹೆಸರಿನ ಮೂಲ ತವರಾದ ಜರ್ಮನ್ ನಾಡಿನ ಜನ ಅದನ್ನು ಹೊರಗಿನ ಹೆಸರೆಂದೇ ಬಗೆದಿದ್ದರೆ ಆಶ್ಚರ್ಯವಿಲ್ಲ.

ನಮ್ಮ ಕರಾವಳಿಗೆ ಅದು ಕಿಟೆಲ್‌ಗಿಂತ ಬಹು ಮೊದಲೇ ಬಂದಿತ್ತು. ಗೋವೆಯಲ್ಲಿ ಜ್ಞಾನಸ್ನಾನ ಪಡೆದ ಕೊಂಕಣಿಗರಿಗೆ ಪೋರ್ಚುಗೀಸ್ ಅಡ್ಡಹೆಸರುಗಳು ಬಂದವು. ಅವುಗಳಲ್ಲೊಂದು ಫೆರ್ನಾಂಡಿಸ್, 'ಫೆರ್ನಾಂಡೊನ ಮಗ' ಎಂದು ಅರ್ಥ. ಗೋವೆ ಬಿಟ್ಟು ತೆಂಕಕ್ಕೆ ವಲಸೆ ಬಂದವರೊಂದಿಗೆ ಅದೂ ಮಂಗಳೂರು ಸೇರಿತು. 1930ರಲ್ಲಿ ಅಲ್ಲಿ ಹುಟ್ಟಿದ ರಾಜಕಾರಣಿ ಜಾರ್ಜ್ ಫೆರ್ನಾಂಡಿಸ್ ಅದನ್ನು ದೇಶದುದ್ದಕ್ಕೂ ಕೇಳಿಸಿದರು. ಅದಕ್ಕೂ ಎಷ್ಟೋ ಮೊದಲು, 1853ರಲ್ಲಿ, ಬಾಸೆಲ್ ಮಿಷನ್ನಿನ ತರುಣ ಫರ್ಡಿನಾಂಡ್ ಕಿಟೆಲ್ ಹಡಗಿಳಿದರು. ಅವರೂ ಮಂಗಳೂರಿನಲ್ಲಿ ಕೆಲಸ ಮಾಡಿದವರೇ. ಒಂದೇ ಊರಲ್ಲಿ ಕೆಥೊಲಿಕರ ಫೆರ್ನಾಂಡಿಸ್ ಮನೆಗಳು, ಪ್ರಾಟೆಸ್ಟಂಟ್ ಮಿಷನ್ನಿನ ಒಬ್ಬ ಫರ್ಡಿನಾಂಡ್. ಇಬ್ಬರದೂ ಒಂದೇ ಹೆಸರೆಂದು ಅಲ್ಲಿ ಯಾರಾದರೂ ಅಂದಿದ್ದರೆ ಎರಡೂ ಕಡೆಯವರು ಮುಖ ಸಿಂಡರಿಸುತ್ತಿದ್ದರೇನೋ.