ಗಾಲಿ ನಿಲ್ಲಿಸುವ ಕಸುಬು: ಕುಲುಮೆಯಿಂದ ಮನೆಯಂಗಳದವರೆಗೆ

ಕಾರಿನ ಗಾಲಿ ಬಿಚ್ಚಿ, ಬ್ರೇಕ್ ಕ್ಯಾಲಿಪರ್ ಇಳಿಸಿ, ತುಕ್ಕು ಉಜ್ಜಿ ಬಣ್ಣ ಹಚ್ಚುವ ಕೆಲಸ ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಗೆ ತೀರ ಈಚಿನದು. ಗಾಲಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಮತ್ತೆ ಕೂಡಿಸುವ ರೂಢಿ ಮಾತ್ರ ಬಹಳ ಹಳೆಯದು. ಬಂಡಿಯ ಕಾಲದಲ್ಲಿ ಅದು ಕಮ್ಮಾರ, ಬಡಿಗೇರರ ಕೈಯಲ್ಲಿತ್ತು. ಲಾರಿ, ಟ್ರ್ಯಾಕ್ಟರ್ ಬಂದ ಮೇಲೆ ಗ್ಯಾರೇಜಿನ ಉಸ್ತಾದರ ಪಾಲಾಯಿತು. ಈಗ ಅದರ ಒಂದು ತುಣುಕು ಕಾರಿನ ಮಾಲೀಕನ ಅಂಗಳಕ್ಕೂ ಬಂದಿದೆ.

ಮೂರೂ ಊರುಗಳು ಒಂದೇ ರಸ್ತೆಯ ಮೇಲಿವೆ. ಜೇವರ್ಗಿಯಿಂದ ಚಾಮರಾಜನಗರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ದಾಟಿ ಸಿರುಗುಪ್ಪದ ಕಡೆ ಇಳಿಯುತ್ತದೆ. ಮೊದಲ ಊರಿನಿಂದ ಕೊನೆಯ ಊರಿಗೆ ಅರವತ್ತು ಕಿಲೋಮೀಟರಿನ ಆಸುಪಾಸು. ಸಿಂಧನೂರಿಗೆ ರೈಲು ಬಂದದ್ದೇ 2024ರಲ್ಲಿ. ಅಲ್ಲಿಯವರೆಗೆ ಊರಿನ ಭತ್ತ, ಗೊಬ್ಬರ, ಜನ ಎಲ್ಲವೂ ರಸ್ತೆಯ ಗಾಲಿಗಳ ಮೇಲೆಯೇ ಓಡಾಡಿದವು. ಗಾಲಿಯ ಕಸುಬು ಇಲ್ಲಿ ಇಷ್ಟು ಬೇರೂರಿದ್ದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಕಬ್ಬಿಣದ ಪರಿಚಯ ಈ ನೆಲಕ್ಕೆ ಹೊಸದಲ್ಲ. 1954ರಲ್ಲಿ ಬಿ. ಕೆ. ಥಾಪರ್ ಮಸ್ಕಿಯಲ್ಲಿ ನಡೆಸಿದ ಉತ್ಖನನದಲ್ಲಿ ನವಶಿಲಾ-ತಾಮ್ರಶಿಲಾ ಕಾಲದ ಪದರದ ಮೇಲೆ ಬೃಹತ್ ಶಿಲಾಯುಗದ ಪದರ ಸಿಕ್ಕಿತು. ದಕ್ಷಿಣ ಭಾರತದಲ್ಲಿ ಕಬ್ಬಿಣದ ಬಳಕೆ ಹರಡಿದ್ದು ಆ ಕಾಲದಲ್ಲೇ. ಮಸ್ಕಿಯ ಅಶೋಕ ಶಾಸನ ಎಲ್ಲರಿಗೂ ಗೊತ್ತು. 1915ರಲ್ಲಿ ಅದನ್ನು ಬೆಳಕಿಗೆ ತಂದ ಸಿ. ಬೀಡನ್ ಚಿನ್ನದ ಗಣಿಯ ಎಂಜಿನಿಯರ್ ಆಗಿದ್ದನೆಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಲೋಹ ಹುಡುಕಿ ಬಂದವನ ಕಣ್ಣಿಗೆ ಶಾಸನ ಬಿದ್ದಿತ್ತು.

ಬಂಡಿಯ ಗಾಲಿಯಲ್ಲಿ ಕಟ್ಟಿಗೆಯ ಕೆಲಸ ಬಡಿಗೇರನದು, ಕಬ್ಬಿಣದ್ದು ಕಮ್ಮಾರನದು. ಬಡಿಗೇರ ಗುಂಭ ಕಡೆದು ಅರ ಕೂಡಿಸಿದ ಮೇಲೆ, ಕಮ್ಮಾರ ಗಾಲಿಯ ಸುತ್ತಳತೆಗಿಂತ ತುಸು ಚಿಕ್ಕದಾಗಿ ಹಳಿ ಬೆಸೆಯುತ್ತಿದ್ದ. ಕುಳ್ಳಿನ ಬೆಂಕಿಯಲ್ಲಿ ಹಳಿ ಕೆಂಪಗೆ ಕಾದು ಹಿಗ್ಗಿದಾಗ ಇಕ್ಕಳದಿಂದೆತ್ತಿ ಗಾಲಿಗೆ ಏರಿಸಿ ನೀರು ಸುರಿದರೆ, ಅದು ಕುಗ್ಗಿ ಕಟ್ಟಿಗೆಯನ್ನು ಬಿಗಿಯಾಗಿ ಕಚ್ಚಿ ಹಿಡಿಯುತ್ತಿತ್ತು. ಈ ಕೆಲಸಕ್ಕೆ ರೊಕ್ಕದ ಲೆಕ್ಕವಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯದ ಜೋಳ ಪಡೆಯುವುದೇ ಕೂಲಿ. ಕಡಾಣಿ ತೆಗೆದು, ಗಾಲಿಯನ್ನು ಅಚ್ಚಿನಿಂದ ಹೊರಗೆ ಸರಿಸಿ, ಹಳೆಯ ಜಿಡ್ಡು ಒರೆಸಿ ಕೀಲೆಣ್ಣೆ ಹಾಕುವುದು ಒಕ್ಕಲಿಗನೇ ಮಾಡಿಕೊಳ್ಳುತ್ತಿದ್ದ ಕೆಲಸ. ಕೀಲೆಣ್ಣೆಗೆ ಬಹಳ ಕಡೆ ಔಡಲ ಎಣ್ಣೆಯೇ ಆಧಾರ. ಆ ಎಣ್ಣೆಗೂ ಬ್ರೇಕಿಗೂ ಮುಂದೆ ನಂಟು ಬೆಳೆಯಿತು.

ಬಂಡಿಗೆ ಬ್ರೇಕಿನ ಅಗತ್ಯ ಸಿಂಧನೂರಿನ ಎರೆ ಭೂಮಿಯಲ್ಲಿ ಕಡಿಮೆಯೇ ಇತ್ತು. ನೆಲ ಸಮತಟ್ಟು, ಎತ್ತುಗಳು ನಿಂತರೆ ಬಂಡಿಯೂ ನಿಂತಿತು. ಹಳ್ಳದ ಇಳಿಜಾರಿನಲ್ಲಿ, ಮಸ್ಕಿ, ಲಿಂಗಸುಗೂರಿನ ಗುಡ್ಡದ ದಾರಿಗಳಲ್ಲಿ ಮಾತ್ರ ತುಂಬಿದ ಬಂಡಿ ಎತ್ತುಗಳ ಮೇಲೆಯೇ ನುಗ್ಗುವ ಭಯ. ಹಗ್ಗ ಎಳೆದರೆ ಹಳಿಗೆ ಒತ್ತುವ ಮರದ ತುಂಡು ಇದ್ದದ್ದು ಅಂಥ ಕಡೆಗೆ. ತಿರುಗುವ ಕಬ್ಬಿಣಕ್ಕೆ ಮೆತ್ತನೆಯ ವಸ್ತುವನ್ನು ಒತ್ತಿ, ಓಟವನ್ನು ಬಿಸಿಯಾಗಿ ಬದಲಿಸಿ ಕಳೆಯುವುದು ಬ್ರೇಕಿನ ತತ್ವ. ಆ ಮರದ ತುಂಡಿನಿಂದ ಇಂದಿನ ಡಿಸ್ಕ್ ಪ್ಯಾಡಿನವರೆಗೆ ತತ್ವ ಬದಲಾಗಿಲ್ಲ, ಒತ್ತುವ ಬಗೆ ಬದಲಾಗಿದೆ.

ಲಿಂಗಸುಗೂರಿಗೆ ಯಂತ್ರದ ಗಾಳಿ ಉಳಿದೆರಡು ಊರುಗಳಿಗಿಂತ ಮೊದಲೇ ಬೀಸಿತ್ತು. 19ನೇ ಶತಮಾನದಲ್ಲಿ ಅದು ಹೈದರಾಬಾದ್ ಕಂಟಿಂಜೆಂಟ್ ಪಡೆಯ ಛಾವಣಿ. 1905ರಲ್ಲಿ ರಾಯಚೂರಿಗೆ ಸೇರುವವರೆಗೆ ಜಿಲ್ಲಾ ಕೇಂದ್ರವೂ ಹೌದು. ಅದೇ ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನರು ತೋಡಿದ್ದ ಚಿನ್ನದ ಗುಂಡಿಗಳನ್ನು 20ನೇ ಶತಮಾನದ ಮೊದಲ ದಶಕಗಳಲ್ಲಿ ಯಂತ್ರಗಳಿಂದ ಮತ್ತೆ ಅಗೆಯಲಾಯಿತು. ಆ ಯತ್ನ ನಿಂತುಹೋಗಿ, 1947ರಲ್ಲಿ ಸ್ಥಾಪನೆಯಾದ ಕಂಪನಿಯಿಂದ ಗಣಿ ಮತ್ತೆ ಚೇತರಿಸಿಕೊಂಡಿತು. ಬ್ರೇಕಿನ ಚರಿತ್ರೆಯಲ್ಲಿ ಹಟ್ಟಿಗೆ ಇರುವ ಸ್ಥಾನವನ್ನು ಯಾರೂ ಗಮನಿಸಿದಂತಿಲ್ಲ. ಮಲ್ಲಪ್ಪ ಶಾಫ್ಟ್‌ನಂಥ ಆಳದ ಬಾವಿಗೆ ಕಾರ್ಮಿಕರನ್ನು ಇಳಿಸಿ ಹತ್ತಿಸುವ ವೈಂಡರ್ ಯಂತ್ರಕ್ಕೆ ಬ್ರೇಕ್ ಎಂದರೆ ಜೀವ. ಅದನ್ನು ಬಿಚ್ಚುವುದು, ಸವೆತ ಅಳೆಯುವುದು, ಕೂಡಿಸಿದ ಮೇಲೆ ಪರೀಕ್ಷಿಸದೆ ಯಾರನ್ನೂ ಹತ್ತಿಸದಿರುವುದು ಗಣಿಯ ಫಿಟ್ಟರನಿಗೆ ದಿನದ ಶಿಸ್ತು. ರಸ್ತೆಯ ಗ್ಯಾರೇಜುಗಳಲ್ಲಿ ಆ ಶಿಸ್ತು ಇನ್ನೂ ಅಷ್ಟು ಗಟ್ಟಿಯಾಗಿ ನಿಂತಿಲ್ಲ.

ರಸ್ತೆಗೆ ಮೋಟಾರು ಬಂದದ್ದು ನಿಜಾಮರ ಆಳ್ವಿಕೆಯಲ್ಲಿ. ನಿಜಾಮ್ ಸ್ಟೇಟ್ ರೈಲ್ವೆಯ ರಸ್ತೆ ಸಾರಿಗೆ ಇಲಾಖೆ 1932ರಲ್ಲಿ 27 ಬಸ್ಸುಗಳಿಂದ ಶುರುವಾಯಿತು. ಆ ಹೊತ್ತಿಗೆ ಜಗತ್ತಿನಲ್ಲಿ ಬ್ರೇಕಿನ ಮೂರು ಮುಖ್ಯ ಹೆಜ್ಜೆಗಳು ಬಿದ್ದಾಗಿದ್ದವು. 1902ರಲ್ಲಿ ಫ್ರಾನ್ಸಿನ ಲೂಯಿ ರೆನೋ ಡ್ರಮ್ ಬ್ರೇಕನ್ನೂ, ಅದೇ ವರ್ಷ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕನ್ನೂ ರೂಪಿಸಿದ್ದರು. 1921ರ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ನಾಲ್ಕೂ ಗಾಲಿಗಳನ್ನು ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಬ್ರೇಕ್ ಬಂತು. ಮೊದಮೊದಲ ಬ್ರೇಕ್ ಆಯಿಲ್ ಎಂದರೆ ಔಡಲ ಎಣ್ಣೆಗೆ ಆಲ್ಕೊಹಾಲ್ ಬೆರೆಸಿದ ಮಿಶ್ರಣ. ಬಂಡಿಯ ಅಚ್ಚಿಗೆ ಹಾಕುತ್ತಿದ್ದ ಎಣ್ಣೆಯೇ ಮೋಟಾರಿನ ಬ್ರೇಕ್ ಪೈಪಿನೊಳಗೂ ಹರಿಯಿತು. ಈ ಬ್ರೇಕುಗಳಲ್ಲಿ ನಮ್ಮ ರಸ್ತೆಗಳ ಮೇಲೆ ಬಹುಕಾಲ ನಿಂತದ್ದು ಡ್ರಮ್.

ಸಿಂಧನೂರನ್ನು ಬದಲಿಸಿದ್ದು ನೀರು. 1953ರಲ್ಲಿ ತುಂಗಭದ್ರಾ ಜಲಾಶಯ ಸಿದ್ಧವಾಗಿ, 227 ಕಿ.ಮೀ. ಉದ್ದದ ಎಡದಂಡೆ ಕಾಲುವೆ ಎರೆ ಭೂಮಿಗೆ ಹಾಯ್ದಿತು. ಜೋಳ, ಹತ್ತಿ, ಶೇಂಗಾ ಬೆಳೆಗಳನ್ನು ಮುಖ್ಯವಾಗಿಟ್ಟು ಮಾಡಿದ ಯೋಜನೆ ಭತ್ತದ ಸೀಮೆಯನ್ನು ಹುಟ್ಟಿಸಿತು. ಕರಾವಳಿ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಮುಂದೆ ಪೂರ್ವ ಬಂಗಾಳದ ನಿರಾಶ್ರಿತರಿಗೂ ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆ ಸಿಕ್ಕಿತು. ಅಕ್ಕಿ ಗಿರಣಿ, ಲಾರಿ, ಟ್ರ್ಯಾಕ್ಟರ್, ಅವುಗಳ ಬೆನ್ನಿಗೇ ಲೇತ್, ವೆಲ್ಡಿಂಗ್ ಅಂಗಡಿ, ಗ್ಯಾರೇಜು ರಸ್ತೆಯ ಎರಡೂ ಬದಿ ಸಾಲುಗಟ್ಟಿದವು.

ಕೆಸರುಗದ್ದೆಯಲ್ಲಿ ಟ್ರ್ಯಾಕ್ಟರಿನ ಬ್ರೇಕ್ ನಿಲ್ಲಿಸುವುದಕ್ಕಿಂತ ತಿರುಗಿಸುವುದಕ್ಕೇ ಹೆಚ್ಚು ಬೇಕು. ಎಡ-ಬಲ ಹಿಂಗಾಲಿಗಳಿಗೆ ಬೇರೆ ಬೇರೆ ಪೆಡಲ್. ಬದುವಿನ ಹತ್ತಿರ ಒಂದೇ ಗಾಲಿಯನ್ನು ಹಿಡಿದರೆ ಟ್ರ್ಯಾಕ್ಟರ್ ಇದ್ದಲ್ಲೇ ಹೊರಳುತ್ತದೆ. ರಸ್ತೆಗೆ ಏರುವ ಮುನ್ನ ಎರಡೂ ಪೆಡಲ್‌ಗಳನ್ನು ಕೊಂಡಿಯಿಂದ ಕೂಡಿಸಬೇಕು. ಮರೆತರೆ ವೇಗದಲ್ಲಿ ಒಂದೇ ಪಕ್ಕ ಹಿಡಿದು ಗಾಡಿ ಪಲ್ಟಿಯಾಗುತ್ತದೆ. ಕೇಜ್‌ವೀಲ್ ಕಟ್ಟಿ ರೊಳ್ಳಿ ಹೊಡೆಯುವಾಗ ಅಂಟುವ ಎರೆಮಣ್ಣು ಒಣ ಡಿಸ್ಕ್ ಬ್ರೇಕಿಗೆ ಶತ್ರು. ನೀರಿನೊಂದಿಗೆ ಒಳಹೊಕ್ಕ ಜೇಡಿ ಲೈನರ್‌ಗಳನ್ನು ತಿಂದುಹಾಕುತ್ತದೆ. ಗಿಯರ್ ಎಣ್ಣೆಯಲ್ಲೇ ಮುಳುಗಿ ಮುಚ್ಚಿಕೊಂಡಿರುವ ಬ್ರೇಕುಗಳ ಟ್ರ್ಯಾಕ್ಟರುಗಳು ಭತ್ತದ ನಾಡಿಗೆ ಒಪ್ಪಿದ್ದು ಇದರಿಂದಲೇ. ಇಷ್ಟಾದರೂ ಟ್ರ್ಯಾಕ್ಟರ್ ಹಿಂದೆ ಓಡುವ ಟ್ರೇಲರುಗಳಲ್ಲಿ ಬಹುತೇಕಕ್ಕೆ ಇಂದಿಗೂ ಸ್ವಂತ ಬ್ರೇಕಿಲ್ಲ. ಭತ್ತದ ಚೀಲ ಹೇರಿಕೊಂಡ ಟ್ರೇಲರಿನ ಭಾರವನ್ನೆಲ್ಲ ಮುಂದಿನ ಟ್ರ್ಯಾಕ್ಟರ್ ಒಂದೇ ತಡೆಯಬೇಕು. ಎತ್ತಿನ ಬಂಡಿಗೆ ಹಿಂದಿನವರು ಕಟ್ಟಿದ್ದ ಮರದ ತುಂಡಿನಷ್ಟು ಕಾಳಜಿಯೂ ಟ್ರೇಲರಿಗೆ ಸಿಗದಿರುವುದು ಈ ಚರಿತ್ರೆಯ ಅತಿ ದೊಡ್ಡ ಲೋಪ.

ಲಾರಿ, ಬಸ್ಸು, ಜೀಪುಗಳ ಡ್ರಮ್ ಬ್ರೇಕೇ ಗ್ಯಾರೇಜಿನವರ ಅನ್ನವಾಗಿತ್ತು. ಡ್ರಮ್ ಕಳಚಿ, ಸವೆದ ಲೈನರ್‌ನ ರಿವೆಟ್ ಕತ್ತರಿಸಿ ತೆಗೆದು, ಅದೇ ಶೂಗೆ ಹೊಸ ಲೈನರ್ ಕೂಡಿಸಿ ರಿವೆಟ್ ಹೊಡೆಯುತ್ತಿದ್ದರು. ಗೆರೆ ಬಿದ್ದ ಡ್ರಮ್ಮನ್ನು ಲೇತಿಗೆ ಕಟ್ಟಿ ಸಮ ಮಾಡುತ್ತಿದ್ದರು. ಕೈಗೆ ಪಾನಾ ಕೊಡುವ ಹುಡುಗನಾಗಿ ಸೇರಿದವನು ವರ್ಷಗಟ್ಟಲೆ ಬರೀ ತೊಳೆಯುವುದನ್ನೇ ಮಾಡಿ, ಆಮೇಲೆ ಬ್ರೇಕ್ ಪೈಪಿನ ಗಾಳಿ, ಅಂದರೆ ಏರ್, ತೆಗೆಯುವುದನ್ನು ಕಲಿತು, ಕಡೆಗೆ ಉಸ್ತಾದನಾಗುತ್ತಿದ್ದ. ಆ ಕಾಲದ ಲೈನರ್‌ಗಳಲ್ಲಿ ಕಲ್ನಾರು ಇತ್ತು. ಡ್ರಮ್ ತೆರೆದೊಡನೆ ಉಫ್ ಎಂದು ಊದಿ ಹಾರಿಸುತ್ತಿದ್ದ ಬೂದುಬಣ್ಣದ ಧೂಳು ಪುಪ್ಪುಸಕ್ಕೆ ವಿಷ. ಎಷ್ಟೋ ಹುಡುಗರು ಅದನ್ನು ಉಸಿರಾಡುತ್ತಲೇ ಕಸುಬು ಕಲಿತರು. ಇನ್ನೊಂದು ರೂಢಿ ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳೆಯುವುದು. ಗಿಯರಿಗೆ ಅದು ಸರಿ. ಬ್ರೇಕಿನ ರಬ್ಬರಿಗೆ ತಗಲಿದರೆ ರಬ್ಬರ್ ಉಬ್ಬಿ ಕೆಡುತ್ತದೆ.

ಡಿಸ್ಕ್ ಬ್ರೇಕ್ ಹೆಸರು ಗಳಿಸಿದ್ದು 1953ರ ಲೆ ಮಾನ್ ಓಟದಲ್ಲಿ, ಅದನ್ನು ತೊಟ್ಟ ಜಾಗ್ವಾರ್ ಗೆದ್ದ ಮೇಲೆ. 1955ರ ಸಿಟ್ರೊಯೆನ್ ಡಿಎಸ್‌ನಿಂದ ಅದು ಸಾಮಾನ್ಯ ಕಾರುಗಳಿಗೂ ಹಬ್ಬತೊಡಗಿತು. ಭಾರತದ ಅಂಬಾಸಿಡರ್, ಪದ್ಮಿನಿಗಳು ಮಾತ್ರ ದಶಕಗಳ ಕಾಲ ಡ್ರಮ್ಮಿನಲ್ಲೇ ಉಳಿದವು. ಮಾರುತಿ ಬಂದ ಮೇಲೆ ಮುಂಗಾಲಿಯ ಡಿಸ್ಕ್ ಮಧ್ಯಮ ವರ್ಗದ ಕಾರುಗಳಲ್ಲಿ ರೂಢಿಯಾಯಿತು. 1999ರಲ್ಲಿ ಬಂದ ಹೀರೊ ಹೋಂಡಾ ಸಿಬಿಝಡ್‌ನಂಥ ಬೈಕುಗಳಲ್ಲೂ ಅದು ಕಾಣಿಸಿಕೊಂಡಿತು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಎಲ್ಲ ಹೊಸ ಬೈಕುಗಳಿಗೂ, ಬ್ರೇಕ್ ಒತ್ತಿದಾಗ ಗಾಲಿ ಜಾಮ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಕಡ್ಡಾಯವಾಯಿತು. ಡ್ರಮ್ಮಿನ ಕೆಲಸ ಮುಚ್ಚಿದ ಬೋಗುಣಿಯೊಳಗೆ ನಡೆಯುತ್ತಿತ್ತು. ಡಿಸ್ಕಿಗೆ ಪ್ಯಾಡ್ ಒತ್ತುವ ಕ್ಯಾಲಿಪರ್ ಹಾಗಲ್ಲ, ಅಲಾಯ್ ಗಾಲಿಯ ಸಂದಿನಿಂದ ಎಲ್ಲರಿಗೂ ಕಾಣುತ್ತದೆ. ಬಣ್ಣದ ಹಂಬಲ ಹುಟ್ಟಿದ್ದು ಅಲ್ಲಿಂದ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚುವ, ಮಹಾನವಮಿಗೆ ವಾಹನ ತೊಳೆದು ಪೂಜಿಸುವ ಸೀಮೆಯಲ್ಲಿ ಈ ಹಂಬಲ ಸಹಜವೇ.

ಆದರೆ ಬಣ್ಣಕ್ಕಿಂತ ಮೊದಲು ನೋಡಬೇಕಾದ್ದು ಎರೆಮಣ್ಣನ್ನು. ಕಾಲುವೆ ದಾರಿಯ ಕೆಸರು ಕ್ಯಾಲಿಪರಿನ ಹಿಂಬದಿಗೆ ಮೆತ್ತಿಕೊಂಡು, ತೇವ ಹಿಡಿದಿಟ್ಟು, ಬೀಡು ಕಬ್ಬಿಣಕ್ಕೆ ತುಕ್ಕು ತರುತ್ತದೆ. ರಬ್ಬರ್ ಕವಚ ಹರಿದಿದ್ದರೆ ಗೈಡ್ ಪಿನ್‌ಗಳೂ ಹಿಡಿದುಕೊಂಡು, ಒಳಗಿನ ಪ್ಯಾಡ್ ಒಂದೇ ಸವೆದು ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸಿ, ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ಜಾಕ್ ಏರಿಸಿದ ಮೇಲೆ ಸ್ಟ್ಯಾಂಡ್ ಕೊಡುವುದು ಮೊದಲ ಕೆಲಸ. ಜಾಕ್ ಒಂದನ್ನೇ ನಂಬುವಂತಿಲ್ಲ. ಹಿಂಬದಿಯ ಎರಡು ಪಿನ್ ಬೋಲ್ಟ್ ಬಿಚ್ಚಿದರೆ ಕ್ಯಾಲಿಪರ್ ಕೈಗೆ ಬರುತ್ತದೆ. ಅದನ್ನು ತಂತಿಯಿಂದ ಸ್ಪ್ರಿಂಗಿಗೆ ಕಟ್ಟಬೇಕು. ರಬ್ಬರ್ ಹೋಸಿಗೆ ಜೋತುಬಿಟ್ಟರೆ ಹೋಸ್ ಒಳಗೇ ಹರಿಯುತ್ತದೆ. ತಂತಿ ಬ್ರಷ್ಷಿನಿಂದ ತುಕ್ಕು ತೆಗೆದು, ಬ್ರೇಕ್ ಕ್ಲೀನರಿನಿಂದ ಜಿಡ್ಡು ಕಳೆದು, ಪಿಸ್ಟನ್, ಅದರ ರಬ್ಬರ್ ಕವಚ, ಪಿನ್‌ಗಳು, ಏರ್ ತೆಗೆಯುವ ನಿಪ್ಪಲ್, ಪ್ಯಾಡ್ ಕೂರುವ ಜಾಗಗಳನ್ನು ಟೇಪಿನಿಂದ ಮುಚ್ಚಬೇಕು. ಬಿಸಿ ತಡೆಯುವ ಬಣ್ಣವನ್ನೇ ತೆಳುವಾಗಿ ಎರಡು ಮೂರು ಸಲ ಹಚ್ಚಬೇಕು. ಮಾಮೂಲಿ ಬಣ್ಣ ಬಿಸಿಗೆ ಸುಡುತ್ತದೆ, ಗ್ಲೈಕಾಲ್ ಆಧಾರದ ಬ್ರೇಕ್ ಆಯಿಲ್ ಬಿದ್ದ ಕಡೆ ಕಿತ್ತು ಬರುತ್ತದೆ.

ಆ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ಡಾಟ್ 3 ದರ್ಜೆಯದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ತೇವ ಹಿಡಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದ್ದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ಮೆತ್ತಗಾಗಿ, ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಆದ್ದರಿಂದ ಹೋಸ್ ಬಿಚ್ಚದೆ ಬಣ್ಣ ಹಚ್ಚುವುದು ಮನೆಯ ಮಟ್ಟಿಗೆ ಸಾಕು. ಕೂಡಿಸಿದ ಮೇಲೆ ಗಟ್ಟಿಯಾಗುವವರೆಗೆ ಪೆಡಲ್ ಒತ್ತಿ, ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ ಬ್ರೇಕ್ ಪರೀಕ್ಷಿಸಿಯೇ ರಸ್ತೆಗೆ ಇಳಿಯಬೇಕು. ಹೋಸ್ ಬಿಚ್ಚಿದರೆ ತಾಮ್ರದ ವಾಷರುಗಳನ್ನು ಹೊಸದಾಗಿ ಹಾಕಿ, ಹೊಸ ಆಯಿಲ್ ತುಂಬಿ, ಪೂರ್ತಿ ಏರ್ ತೆಗೆಯಬೇಕು. ಎಬಿಎಸ್ ಇರುವ ಕೆಲವು ಕಾರುಗಳಿಗೆ ಅದಕ್ಕೆ ಸ್ಕ್ಯಾನರ್ ಕೂಡ ಬೇಕಾಗುತ್ತದೆ. ಆ ಕೆಲಸವನ್ನು ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಉಸ್ತಾದರಿಗೇ ಬಿಡುವುದು ಸರಿ.